ಮುಚ್ಚದ ಪುಟಗಳು

ನಾವುಂದದ ವಿನಯಾ ಹಠಮಾರಿ. ಇದನ್ನು ಹೊಗಳಿಕೆಯಾಗಿ ಹೇಳಲು ನನಗೊಂದು ವಾರ ಹಿಡಿಯಿತು. ತೆಂಗಿನಕಾಯಿ ವ್ಯಾಪಾರಿ ಚಂದಯ್ಯನ ಮಗಳು, ಕುಂದಾಪುರದಲ್ಲಿ ಬಿ.ಎಸ್ಸಿ. ಮುಗಿಸಿ 2008ರಲ್ಲಿ ಗಂಗೊಳ್ಳಿಯ ನಮ್ಮ ಮೀನುಗಾರರ ಸಂಘಕ್ಕೆ ಸೇರಿದಳು. ನಾನು ಅಲ್ಲಿಯ ಕಾರ್ಯದರ್ಶಿ. ಯಾವ ಬೋಟು ಯಾವಾಗ ಹೊರಟಿತು, ಅದರಲ್ಲಿ ಯಾರ್ಯಾರಿದ್ದಾರೆ, ವೈರ್‌ಲೆಸ್‌ನಲ್ಲಿ ಕೊನೆಗೆ ಎಲ್ಲಿಂದ ಮಾತಾಡಿದರು ಎಂಬುದನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆವು. ಅವಳು ಅದಕ್ಕೊಂದು ಕಂಪ್ಯೂಟರ್ ಪ್ರೋಗ್ರಾಂ ಬರೆದಳು.

ಮರುವರ್ಷ ಮಳೆಗಾಲ ಕಳೆದು ಬೋಟುಗಳು ಕಡಲಿಗಿಳಿದ ಮೇಲೆ ಅದು ದಿನಾ ಮಧ್ಯಾಹ್ನ ಮೂರರ ಹೊತ್ತಿಗೆ ನಿಂತುಬಿಡತೊಡಗಿತು. ಒಂದು ದಿನ ಬೋಟೊಂದರ ದನಿ ಕೇಳದಾಯಿತು. ಅದು ಕೊನೆಗೆ ಎಲ್ಲಿತ್ತೆಂದು ಹೇಳಲಾಗದೆ ಎರಡು ತಾಸು ಪರದಾಡಿದೆವು. ಬೋಟು ಸಂಜೆಗೆ ಬಂತು, ಅಧ್ಯಕ್ಷ ಭೋಜಣ್ಣನ ಸಿಟ್ಟು ಮಾತ್ರ ಇಳಿಯಲಿಲ್ಲ.

“ಶನಿವಾರದೊಳ್ಗೆ ಸರಿ ಆಯ್ಲಿಲ್ಲೆ ಅಂದ್ರೆ ಮಶೀನೂ ಬ್ಯಾಡ, ಆ ಹೆಣ್ಣೂ ಬ್ಯಾಡ” ಎಂದರು. ನಾನು ತಲೆಯಾಡಿಸಿದೆ. ಸಾಲದ್ದಕ್ಕೆ ಹಳೆಯ ರಿಜಿಸ್ಟರಿನ ಧೂಳನ್ನೂ ಕೊಡವಿಟ್ಟೆ.

ವಿನಯಾ ಅಳಲಿಲ್ಲ. ಯಂತ್ರ ನಿಲ್ಲುವ ಹೊತ್ತಿಗೆ ಅದರ ಮೆಮೊರಿಯಲ್ಲಿದ್ದುದನ್ನೆಲ್ಲ ಹಾಗೇ ಒಂದು ಫೈಲಿಗೆ ಇಳಿಸಿಕೊಂಡಳು. ಅದೊಂದು ನಕ್ಷೆಯಂತೆ: ಲಕ್ಷಾಂತರ ಚುಕ್ಕಿಗಳು, ಯಾವುದು ಯಾವುದನ್ನು ಹಿಡಿದುಕೊಂಡಿದೆ ಎಂದು ತೋರಿಸುವ ಗೆರೆಗಳು.

“ಮೆಮೊರಿ ತುಂಬಿಯೇ ಮಶೀನ್ ನಿಲ್ಲುದ್. ಹಿಡ್ದದ್ದನ್ನ್ ಬಿಟ್ರೆ ಮಾತ್ರ ಜಾಗ ಖಾಲಿ ಆತ್ತ್. ಯಾರೋ ಬಿಡ್ತಿಲ್ಲೆ” ಎಂದಳು.

ಫೈಲು ಎಷ್ಟು ದೊಡ್ಡದೆಂದರೆ, ಅದನ್ನು ತೆರೆಯಲು ಹೋಗಿ ಕಂಪ್ಯೂಟರೇ ಮಲಗಿತು. ಅದನ್ನು ತುಂಡು ತುಂಡಾಗಿ ಓದುವ ಇನ್ನೊಂದು ಪ್ರೋಗ್ರಾಂ ಬರೆಯಲು ಕೂತಳು. ಮೂರು ಸಲ ಕರೆಂಟು ಹೋಯಿತು, ಮೂರು ಸಲವೂ ಮೊದಲಿಂದ ಶುರು. ಪ್ರತಿ ಚುಕ್ಕಿಗೂ ಅವಳದು ಒಂದೇ ಪ್ರಶ್ನೆ: ಇದು ಕೈಬಿಟ್ಟರೆ ಜೊತೆಗೆ ಇನ್ನೆಷ್ಟು ಬಿಡುಗಡೆಯಾಗುತ್ತದೆ? ಗುರುವಾರ ಉತ್ತರ ಸಿಕ್ಕಿತು. ಮೆಮೊರಿಯ ಮುಕ್ಕಾಲು ಪಾಲು ಒಂದೇ ಪಟ್ಟಿಯ ಹಿಡಿತದಲ್ಲಿತ್ತು. ತೆರೆದಿಟ್ಟ ಪುಟಗಳ ಪಟ್ಟಿ. ಬೋಟಿಗೊಂದರಂತೆ ನೂರ ಹನ್ನೆರಡು ಪುಟಗಳು, ಒಂದೊಂದರ ಬೆನ್ನಿಗೂ ಆ ಬೋಟಿನ ಹಿಂದಿನ ಅಷ್ಟೂ ಪ್ರಯಾಣಗಳ ವಿವರ.

ಶುಕ್ರವಾರ ಬೆಳಿಗ್ಗೆ ಅವಳು ಗುಮಾಸ್ತೆ ಗುಲಾಬಿಯ ಪಕ್ಕ ಸುಮ್ಮನೆ ಕೂತು ನೋಡಿದಳು. ಗುಲಾಬಿ ಒಂದು ಬೋಟಿನ ಪುಟ ತೆರೆಯುತ್ತಾಳೆ, ಬರೆಯುತ್ತಾಳೆ, ಮುಚ್ಚದೆ ಕೆಳಗೆ ಸರಿಸುತ್ತಾಳೆ, ಮುಂದಿನದನ್ನು ತೆರೆಯುತ್ತಾಳೆ.

“ಎಂತಕೆ ಮುಚ್ಚುದಿಲ್ಲೆ, ಗುಲಾಬಕ್ಕ?”

“ಬೋಟ್ ಕಡ್ಲಂಗೆ ಇಪ್ಪತಿಗೆ ಅದ್ರ ಪುಟ ಮುಚ್ಚುಕಾಗ, ಮರಾಯ್ತಿ. ಅದ್ ಬಂದ್ಮೇಲೇ ಮುಚ್ಚುದ್.”

ನಾನು ಎದುರಿನ ಮೇಜಿನಲ್ಲಿದ್ದೆ. ಹನ್ನೆರಡು ವರ್ಷದ ಹಿಂದೆ ಗುಲಾಬಿಗೆ ಈ ಪಾಠ ಹೇಳಿಕೊಟ್ಟವನು ನಾನೇ. ಒಂದು ಬೋಟು ಹೊರಗಿದ್ದರೂ ರಿಜಿಸ್ಟರು ಮುಚ್ಚಬಾರದೆಂದು ಗದರಿಸಿದವನೂ ನಾನೇ. ಆಮೇಲೆ ಅವರೇನೋ ಪಿಸುಗುಟ್ಟಿಕೊಂಡರು. ನಾನು ಫ್ಯಾನು ನೋಡುತ್ತಾ ಕೂತೆ.

ಶನಿವಾರ ಆಡಳಿತ ಮಂಡಳಿಯವರೆಲ್ಲ ಕಂಪ್ಯೂಟರಿನ ಹಿಂದೆ ನಿಂತಿದ್ದರು. ಮೂರಾಯಿತು, ನಾಲ್ಕಾಯಿತು. ನೂರ ಹನ್ನೆರಡು ಪುಟಗಳೂ ತೆರೆದೇ ಇದ್ದವು, ಯಂತ್ರ ನಿಲ್ಲಲಿಲ್ಲ. ಪುಟದಲ್ಲಿ ಬೋಟಿನ ಹೆಸರು, ಜನ ಮತ್ತು ಕೊನೆಯ ಜಾಗ ಮಾತ್ರ ಇರುವಂತೆ, ಹಳೆಯ ವಿವರ ಕೇಳಿದಾಗಷ್ಟೇ ಬರುವಂತೆ ವಿನಯಾ ಬದಲಿಸಿದ್ದಳು.

“ತಪ್ಪ್ ಯಾರ್ದಾಯಿತ್?” ಭೋಜಣ್ಣ ಬಿಡಲಿಲ್ಲ.

ಗುಲಾಬಿ ತಲೆ ತಗ್ಗಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ವಿನಯಾ ಎದ್ದು ನಿಂತಳು.

“ನಂದೇ. ಇಲ್ಲಿನವ್ರ್ ಕೆಲ್ಸ ಮಾಡು ರೀತಿ ಕಾಣ್ದೆ ಬರ್ದದ್ದ್ ನಾನ್.”

ಭೋಜಣ್ಣ ಗಂಟಲು ಸರಿಮಾಡಿಕೊಂಡು, “ಸೋಮವಾರ ಕೆಲ್ಸಕ್ಕೆ ಬಾ” ಎಂದರು. ಎಲ್ಲರೂ ಹೋದ ಮೇಲೆ ನಾಚಿಕೆ ತಡೆಯಲಾಗದೆ ಅವಳ ಹತ್ತಿರ ಹೋದೆ.

“ಆ ಪದ್ಧತಿ ಗುಲಾಬಿಗೆ ಕಲ್ಸಿದ್ದ್ ನಾನ್ ಕಾಣ್” ಎಂದೆ.

“ಗೊತ್ತಿತ್” ಎಂದಳು ವಿನಯಾ, ಕಂಪ್ಯೂಟರಿನ ಪರದೆಯಿಂದ ಕಣ್ಣು ತೆಗೆಯದೆ. “ಗುಲಾಬಕ್ಕ ನಿನ್ನೆಯೇ ಹೇಳಿರ್.”