ಪಟಿಕದ ಕಲ್ಲು ಒದ್ದೆಯಾಗಿತ್ತು

ಅಪ್ಪನ ಕೈ ನಡುಗಿದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ಅಂದಿನಿಂದ ಆ ಕನ್ನಡಿ ನನ್ನ ತಲೆಯೊಳಗೇ ಬಂದು ಕೂತಿದೆ. ಮಗುವಿಗೆ ತುತ್ತು ಕಲಸುವಾಗ, ಬಟ್ಟೆ ಒಣಹಾಕುವಾಗ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎರಡನೇ ಸಲ ಹೋಗಿ ನೋಡುವಾಗ, ಅದೇ ಕಾಣುತ್ತದೆ. ನನ್ನ ಮಗಳು ಗುಬ್ಬಿಯ ಕಿವಿಯ ಹಿಂದೆ ಕತ್ತರಿ, ಕತ್ತರಿ ಹಿಡಿದ ಅಪ್ಪನ ಬೆರಳು, ಆ ಬೆರಳಲ್ಲೊಂದು ಅದುರು.

"ಅಪ್ಪಾ, ಕೈ!" ಎಂದು ಕೂಗಿದ್ದೆ.

"ನಿನ್ನ ಮಗಳು ಕೂತಲ್ಲಿ ಕೂರಲ್ಲ, ಕುಣೀತಾಳೆ. ಅವಳ ಜೊತೆ ಕತ್ತರೀನೂ ಕುಣೀತು" ಎಂದು ಅಪ್ಪ ನಕ್ಕ. ನಕ್ಕರೂ ಕತ್ತರಿಯನ್ನು ಕೆಳಗಿಟ್ಟ. ಗುಬ್ಬಿಗೆ ಈಗಲೂ ಒಂದು ಕಿವಿಯ ಮೇಲೆ ಕೂದಲು ಗಿಡ್ಡ, ಇನ್ನೊಂದರ ಮೇಲೆ ಉದ್ದ.

ಅಪ್ಪ ಕ್ಷೌರಿಕ. ನಮ್ಮ ಮನೆ ಮಹಡಿಯಲ್ಲಿ, ಅವನ ಅಂಗಡಿ ಕೆಳಗೆ. ಒಂದು ತಿರುಗುವ ಕುರ್ಚಿ, ಒಂದು ಉದ್ದ ಬೆಂಚು, ಗೋಡೆ ತುಂಬ ಕನ್ನಡಿ. ಹುಡುಗನಾಗಿದ್ದಾಗ ಸೋದರಮಾವನ ಅಂಗಡಿಯಲ್ಲಿ ಊದಿದ ಬಲೂನಿಗೆ ಸೋಪಿನ ನೊರೆ ಹಚ್ಚಿ, ಅದು ಒಡೆಯದ ಹಾಗೆ ಹೆರೆದು ಹೆರೆದು ಕೆಲಸ ಕಲಿತವನು. ಒಡೆದರೆ ತಲೆಗೊಂದು ಮೊಟಕು. "ಈ ನೆತ್ತಿ ಬೋಳಾಗಿರೋದು ವಯಸ್ಸಿಗಲ್ಲ, ಮಾವನ ಮೊಟಕಿಗೆ" ಎಂದು ಗಿರಾಕಿಗಳಿಗೆ ಹೇಳುತ್ತಾನೆ. ಹಾಸಿಗೆ ಹಿಡಿದ ಮುದುಕರಿದ್ದರೆ ಪೆಟ್ಟಿಗೆ ಹಿಡಿದು ಅವರ ಮನೆಗೇ ಹೋಗುತ್ತಾನೆ. ಕೆನ್ನೆ ಒಳಗೆ ಹೋದ ಮುಖ ಬಲೂನಿಗಿಂತ ಕಷ್ಟವಂತೆ.

ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಪೌಡರ್ ಡಬ್ಬಿಯ ಪಕ್ಕ ಪಟಿಕದ ಕಲ್ಲು ಇರುತ್ತದೆ. ಗೀರು ಬಿದ್ದರೆ ನೀರಲ್ಲಿ ಅದ್ದಿ ಒತ್ತಬೇಕು, ರಕ್ತ ನಿಲ್ಲುತ್ತದೆ. ಬೇರೆ ಅಂಗಡಿಗಳಲ್ಲಿ ಪ್ರತಿ ಗಡ್ಡಕ್ಕೂ ಅದನ್ನು ಉಜ್ಜುತ್ತಾರೆ. ಅಪ್ಪ ಗಾಯವಾದರೆ ಮಾತ್ರ ಮುಟ್ಟುತ್ತಾನೆ. ಅವನ ಕಲ್ಲು ಸದಾ ಒಣಗಿ, ಧೂಳು ಹಿಡಿದು ಕೂತಿರುತ್ತದೆ. ಆ ಧೂಳೇ ಅವನ ಜಂಬ.

ಅವನಿಗೆ ಮೂರು ಕಟ್ಟಳೆಗಳಿವೆ. ಕುರ್ಚಿಯಲ್ಲಿ ಕೂತವರನ್ನು ಅರ್ಧಕ್ಕೆ ಎಬ್ಬಿಸಬಾರದು. ಬೆಂಚಿನಲ್ಲಿ ಕೂತವರಿಗೆ ಆಮೇಲೆ ಬನ್ನಿ ಅನ್ನಬಾರದು. ಕೂದಲು ಹಾರುವ ಜಾಗದಲ್ಲಿ ಊಟದ ಡಬ್ಬಿ ತೆರೆಯಬಾರದು. ಹಾಗಾಗಿ ನಾನು ಕಟ್ಟಿಕೊಟ್ಟ ತಿಂಡಿ ಬೆಂಚು ಖಾಲಿಯಾಗುವ ತನಕ ಕಾಯುತ್ತದೆ. ಭಾನುವಾರ ಆ ಬೆಂಚು ಖಾಲಿಯಾದದ್ದನ್ನು ನಾನಂತೂ ಕಂಡಿಲ್ಲ.

ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಡಾಕ್ಟರು ಮೊದಲು ಒಂದೇ ಮಾತ್ರೆ ಕೊಟ್ಟಿದ್ದರು. ಈಚೆಗೆ ಸಣ್ಣದೊಂದನ್ನು ಸೇರಿಸಿ, ತಿಂಡಿಗೆ ಸ್ವಲ್ಪ ಮುಂಚೆ ನುಂಗಿ ಎಂದರು. ಅಪ್ಪ ಬೆಳಿಗ್ಗೆ ಷಟರ್ ಎತ್ತಿದ ತಕ್ಷಣ ಎರಡನ್ನೂ ನುಂಗಿಬಿಡುತ್ತಾನೆ.

"ತಿಂಡಿ ತಿನ್ನದೆ ನುಂಗ್ತೀಯಲ್ಲಪ್ಪಾ" ಅಂದರೆ, "ತಿಂಡಿಗೆ ಮುಂಚೆ ಅಂದಿದ್ದಾರೆ, ಮುಂಚೇನೇ ನುಂಗಿದ್ದೀನಿ. ತಿಂಡಿ ಯಾವಾಗ ಅಂತ ಅವರೇನೂ ಹೇಳಿಲ್ಲ. ನೀನು ತಲೆ ತಿನ್ಬೇಡ ಹೋಗು, ಇಲ್ಲಿ ತಲೆ ಕಾಯ್ತಾ ಇದಾವೆ" ಎನ್ನುತ್ತಾನೆ.

ಕತ್ತರಿ ಕುಣಿದ ದಿನ ಸಂಜೆ ಅವನೇ ಮೇಲೆ ಬಂದ. "ನೋಡು ಮಗಳೇ, ಸಕ್ಕರೆ ಏರಿದಾಗ ಹಂಗಾಗುತ್ತೆ. ನಾನು ನೋಡ್ಕೋತೀನಿ. ಡಾಕ್ಟ್ರ ಹತ್ರ ಬಾಯಿ ಬಿಡಬೇಡ."

"ಯಾಕೆ?"

"ಅವರು ಗಡ್ಡ ಮಾಡಿಸ್ಕೊಳ್ಳೋದು ಯಾರ ಹತ್ರ? ಕೈ ನಡುಗೋನ ಮುಂದೆ ಯಾರು ಕತ್ತು ಚಾಚ್ತಾರೆ ಹೇಳು? ಮೊದಲು ಅವರು ಬಿಡ್ತಾರೆ, ಆಮೇಲೆ ಇಡೀ ಬೀದಿ ಬಿಡುತ್ತೆ. ಆಣೆ ಹಾಕು."

ಆಣೆ ಹಾಕಲಿಲ್ಲ. ಆದರೆ ಡಾಕ್ಟರಿಗೆ ಫೋನೂ ಮಾಡಲಿಲ್ಲ.

ಫೋನ್ ಮಾಡದಿರಲು ನನಗೆ ಇನ್ನೂ ಒಂದು ಕಾರಣವಿತ್ತು, ಹೇಳಲು ನಾಚಿಕೆ. ಆ ದವಾಖಾನೆಗೆ ನಾನು ಫೋನ್ ಮಾಡುವುದು ಜಾಸ್ತಿ. ಗುಬ್ಬಿ ಸೀನಿದರೆ, ಹಲ್ಲು ತಡವಾದರೆ, ಮಲಗಿದಾಗ ಉಸಿರು ನಿಧಾನ ಅನ್ನಿಸಿದರೆ. ಅಲ್ಲಿಯ ನರ್ಸಮ್ಮನಿಗೆ ನನ್ನ ದನಿಯೇ ಗುರುತು, ಕೇಳಿದರೆ ಸಾಕು ನಗುತ್ತಾರೆ. ನನ್ನ ಗಂಡನಿಗೆ ಅಪ್ಪನ ಕೈಯ ವಿಷಯ ಹೇಳಿದೆ. "ಮೊನ್ನೆ ಮಗೂಗೆ ಕಿವಿ ಕೇಳಲ್ಲ ಅಂದೆ, ಅದು ಬೇಕಂತಲೇ ಕೇಳದ ಹಾಗೆ ಇತ್ತು. ಈಗ ಮಾವಂದು ಶುರು ಮಾಡಿದೀಯ. ಒಂದು ದಿನ ಆದ್ರೂ ಹೆದರದೆ ಇರು" ಎಂದು ಕೆಲಸಕ್ಕೆ ಹೊರಟುಹೋದರು. ಇದು ಬರೀ ನನ್ನ ಭಯವೋ, ನಿಜವೋ ಎಂಬುದೇ ನನಗೆ ತಿಳಿಯದಂತಾಯಿತು.

ಮುಂದಿನ ಭಾನುವಾರ ಹನ್ನೊಂದು ದಾಟಿತ್ತು. ತಿಂಡಿ ತಿಂದನೋ ಇಲ್ಲವೋ ಎಂದು ಮಗುವನ್ನು ಎತ್ತಿಕೊಂಡು ಕೆಳಗಿಳಿದೆ. ಗುಬ್ಬಿಯ ಕೈಯಲ್ಲಿ ಅರ್ಧ ತಿಂದ ಸಿಹಿ ಬನ್ನು. ಬೆಂಚು ತುಂಬಿತ್ತು. ಡಬ್ಬಿ ನಾನಿಟ್ಟ ಹಾಗೇ ಇತ್ತು. ಒಬ್ಬರು ಕುರ್ಚಿಯಿಂದ ಏಳುತ್ತಿದ್ದರು. ಅವರ ಗಲ್ಲದ ಕೆಳಗೊಂದು ಕೆಂಪು ಚುಕ್ಕೆ. ನನ್ನ ಕಣ್ಣು ತಾನಾಗಿಯೇ ಹಲಗೆಯ ಕಡೆ ಹೋಯಿತು.

ಪಟಿಕದ ಕಲ್ಲು ಒದ್ದೆಯಾಗಿತ್ತು.

ಫ್ಯಾನಿನ ಅಡಿಯಲ್ಲೇ ನಿಂತಿದ್ದ ಅಪ್ಪನ ಹಣೆಯಿಂದ ಬೆವರು ಇಳಿಯುತ್ತಿತ್ತು. ನನ್ನನ್ನು ನೋಡಿದ, ಗುರುತು ಹಿಡಿಯಲು ಒಂದು ಗಳಿಗೆ ಬೇಕಾದವನ ಹಾಗೆ. ಟವೆಲ್ ಕೊಡವಲು ಹೋದರೆ ಅದು ಕೈಜಾರಿ ಬಿತ್ತು.

"ಏನಯ್ಯಾ, ಟವೆಲ್ಲಿಗೂ ನಿನ್ನ ಹಳೇ ಜೋಕ್ ಸಾಕಾಯ್ತಾ?" ಎಂದರು ಬೆಂಚಿನಲ್ಲಿದ್ದ ನಿವೃತ್ತ ಮೇಷ್ಟ್ರು. ಅವರದೇ ಮುಂದಿನ ಸರದಿ. ಎಲ್ಲರೂ ನಕ್ಕರು. ಅಪ್ಪ ನಗದೆ ಬೆಂಚಿನ ತುದಿಯಲ್ಲಿ ಕೂತುಬಿಟ್ಟ. ಕೆಲಸದ ಹೊತ್ತಿನಲ್ಲಿ ಅವನು ಕೂತದ್ದನ್ನು ನಾನು ನೋಡಿದ್ದೇ ಇಲ್ಲ.

ಗುಬ್ಬಿ ನನ್ನ ಸೊಂಟದಿಂದ ಜಾರಿ ಇಳಿದು, "ತಾತಾ, ಆ ಮಾಡು" ಎಂದು ಎಂಜಲು ಬನ್ನನ್ನು ಅವನ ಬಾಯಿಗೆ ತುರುಕಿದಳು. ಸಿಹಿ ಬೇಡ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವನು ಹಸಿದ ಕೂಸಿನ ಹಾಗೆ ಅಗಿಯುತ್ತಿದ್ದ. ಮೇಷ್ಟ್ರು ಪೇಪರಿನ ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಅಪ್ಪನ ಮುಖಕ್ಕೆ ಬಣ್ಣ ಬಂತು. ಎದ್ದ. ಟವೆಲ್ ಎತ್ತಿದ. ಕೈ ನೆಟ್ಟಗಿತ್ತು.

"ಬನ್ನಿ ಮೇಷ್ಟ್ರೇ."

ಮೇಷ್ಟ್ರು ಕತ್ತು ಹಿಂದಕ್ಕೆ ಒರಗಿಸಿದರು. ಅಪ್ಪ ನೊರೆ ಹಚ್ಚತೊಡಗಿದ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸಕ್ಕರೆ ಏರಿ ನಡುಗಿದ್ದರೆ, ಸಿಹಿ ತಿಂದ ಮೇಲೆ ಇನ್ನೂ ಜಾಸ್ತಿ ನಡುಗಬೇಕಿತ್ತಲ್ಲ? ನಡುಕ ನಿಂತದ್ದು ಹೇಗೆ? ಗಂಡನ ಮಾತು, ನರ್ಸಮ್ಮನ ನಗು, ಅಪ್ಪನ "ಬಾಯಿ ಬಿಡಬೇಡ" ಎಲ್ಲ ಒಟ್ಟಿಗೆ ಕಿವಿಯಲ್ಲಿ ಗುಂಯ್‌ಗುಟ್ಟಿದವು. ಮೇಷ್ಟ್ರ ಗಂಟಲ ಮೇಲಿನ ಬಿಳಿ ನೊರೆ ನೋಡಿದೆ. ಪರದೆಯ ಹಿಂದಿನ ಕೋಣೆಗೆ ಹೋಗಿ ಫೋನ್ ಮಾಡಿದೆ.

"ಏನಮ್ಮಾ, ಮಗು ಮತ್ತೆ ಸೀನಿತಾ?" ಎಂದರು ನರ್ಸಮ್ಮ.

"ಮಗು ಅಲ್ಲಮ್ಮ, ನಮ್ಮಪ್ಪ. ದಯವಿಟ್ಟು ಡಾಕ್ಟ್ರಿಗೆ ಕೊಡಿ."

ನನ್ನ ದನಿಯಲ್ಲಿ ಏನಿತ್ತೋ, ತಕ್ಷಣ ಕೊಟ್ಟರು. ಉಸಿರು ಬಿಡದೆ ಎಲ್ಲ ಹೇಳಿದೆ. ಬೆಳಿಗ್ಗೆ ನುಂಗಿದ ಮಾತ್ರೆ, ತೆರೆಯದ ಡಬ್ಬಿ, ಬೆವರು, ಟವೆಲ್, ಗಲ್ಲದ ಚುಕ್ಕೆ, ಬನ್ನು.

"ಅದು ಸಕ್ಕರೆ ಏರಿದ್ದಲ್ಲಮ್ಮ, ಇಳಿದದ್ದು" ಎಂದರು ಡಾಕ್ಟರು. "ಆ ಸಣ್ಣ ಮಾತ್ರೆ ನುಂಗಿ ಹೊಟ್ಟೆಗೆ ಹಾಕದೆ ಇದ್ರೆ ಹೀಗೇ ಆಗೋದು. ತಟ್ಟೆ ಮುಂದೆ ಬರೋ ತನಕ ಅದನ್ನ ಮುಟ್ಟಬಾರದು. ಸರಿ, ನಡುಕ ಬಂದಾಗ ಅವರು ಏನು ಮಾಡ್ತಾರೆ?"

"ಗೊತ್ತಿಲ್ಲ ಡಾಕ್ಟ್ರೇ. ನಾನು ನೋಡ್ಕೋತೀನಿ ಅಂತಾರೆ."

ಪರದೆ ಸರಿಯಿತು. ಕೈಯಲ್ಲಿ ಬ್ರಷ್ ಹಿಡಿದು ಅಪ್ಪ ನಿಂತಿದ್ದ. ಬೈಯುತ್ತಾನೆ ಅಂದುಕೊಂಡೆ. ಅವನು ನನ್ನ ಕೈಯ ಫೋನನ್ನೇ ನೋಡಿದ. ನಾನು ಸ್ಪೀಕರ್ ಒತ್ತಿ, "ಸಕ್ಕರೆ ಏರಿದ್ದಲ್ಲ, ಇಳಿದದ್ದಂತೆ. ನಡುಕ ಬಂದಾಗ ಏನು ಮಾಡ್ತೀಯಪ್ಪಾ?" ಎಂದೆ.

"ಇನ್ನೊಂದು ಮಾತ್ರೆ ನುಂಗ್ತೀನಿ ಡಾಕ್ಟ್ರೇ" ಎಂದ ಮೆಲ್ಲಗೆ. "ಏರಿದೆ ಅಂದ್ಕೊಂಡು. ಆ ಸಣ್ಣದೇ. ಇವತ್ತೂ ನುಂಗಿದೀನಿ, ಈಗ ಸ್ವಲ್ಪ ಹೊತ್ತಿನ ಮುಂಚೆ."

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು. "ಯಜಮಾನ್ರೇ, ಬನ್ನಿನ ಬಲ ಎಷ್ಟು ಹೊತ್ತಿರುತ್ತೆ? ಆ ಮಾತ್ರೆ ಸಂಜೆ ತನಕ ಎಳೀತಾ ಇರುತ್ತೆ, ಮತ್ತೆ ಮತ್ತೆ ಇಳಿಯುತ್ತೆ. ಈಗಲೇ ಡಬ್ಬಿ ತೆಗೆದು ತಿಂದ್ಕೊಂಡೇ ಇಲ್ಲಿಗೆ ಹೊರಡಿ. ಒಬ್ರೇ ಬರಬೇಡಿ. ದಾರೀಲಿ ಮತ್ತೆ ನಡುಗಿದ್ರೆ ತಿನ್ನೋಕೆ ಜೇಬಲ್ಲಿ ಸಕ್ಕರೆ ಇರಲಿ. ಮಂಕು ಕವಿದು ನುಂಗೋಕಾಗದೆ ಹೋದ್ರೆ ಬಾಯಿಗೆ ಏನೂ ಹಾಕ್ಬೇಡಮ್ಮಾ, ಆಂಬುಲೆನ್ಸ್ ಕರಿ. ಮನೇಲಿರೋ ಮಾತ್ರೆ ಎಲ್ಲಾ ತಗೊಂಡು ಬಾ."

"ಅಲ್ಲ ಡಾಕ್ಟ್ರೇ, ಕುರ್ಚೀಲಿ ಮೇಷ್ಟ್ರು ಇದಾರೆ. ನೊರೆ ಹಚ್ಚಾಗಿದೆ. ಅರ್ಧಕ್ಕೆ ಹೆಂಗೆ..."

ಪರದೆಯ ಆಚೆಯಿಂದ ಮೇಷ್ಟ್ರ ಗದರು ಕೇಳಿತು. "ಲೋ, ನನ್ನ ಕಿವಿ ಇನ್ನೂ ಚೆನ್ನಾಗಿದೆ. ಹೊರಡಯ್ಯಾ ಮೊದಲು! ನೊರೆ ಒರೆಸ್ಕೊಂಡು ನಾನೂ ಬರ್ತೀನಿ. ಈ ಗಡ್ಡ ಎಲ್ಲೂ ಓಡಿಹೋಗಲ್ಲ."

ಅಪ್ಪ ಬ್ರಷ್ಷನ್ನು ಎಲ್ಲಿಡುವುದೆಂದು ತಿಳಿಯದೆ ನನ್ನ ಕೈಗೆ ಕೊಟ್ಟ. ಅವನ ಬೆರಳು ಮತ್ತೆ ಸಣ್ಣಗೆ ಅದುರುತ್ತಿತ್ತು. ನಾನು ಹೊರಗೆ ಬಂದು ಡಬ್ಬಿಯ ಮುಚ್ಚಳ ತೆಗೆದೆ, ಕೂದಲು ಹಾರಿದರೆ ಹಾರಲಿ ಎಂದು.

"ಹಲೋ, ಲೈನಲ್ಲಿ ಇದೀಯಾಮ್ಮಾ?"

"ಇದೀನಿ ಡಾಕ್ಟ್ರೇ" ಎಂದೆ. "ತಿಂತಾ ಇದಾರೆ. ಹೊರಟ್ವಿ."