ಅಮ್ಮನಿಗೂ ಹತ್ತಿದ ನವೆ

ಎಪ್ಪತ್ತರ ದಶಕದ ಕೊನೆಯಲ್ಲಿ, ಪೀಣ್ಯದಲ್ಲಿ ಒಂದರ ಪಕ್ಕ ಒಂದು ಶೆಡ್ಡು ಏಳುತ್ತಿದ್ದ ಕಾಲಕ್ಕೆ, ನಾನು ಅಲ್ಲೊಂದು ಕಾರ್ಖಾನೆ ಸೇರಿದೆ. ಬೇಕರಿಗಳಿಗೆ ಓವನ್ ಮಾಡಿಕೊಡುವ ಜಾಗ. ಶಾಖ ಹೊರಗೆ ಹೋಗದಂತೆ ಎರಡು ತಗಡುಗಳ ನಡುವೆ ಗ್ಲಾಸ್ ವೂಲ್ ತುಂಬುವುದು ನನ್ನ ಕೆಲಸ. ನೋಡಲು ಅದು ಹಳದಿ ಹತ್ತಿ. ಮುಟ್ಟಿದರೆ ಕಣ್ಣಿಗೆ ಕಾಣದ ಗಾಜಿನ ಎಳೆಗಳು ಚರ್ಮಕ್ಕೆ ಚುಚ್ಚಿಕೊಳ್ಳುತ್ತವೆ. ವಾರದೊಳಗೆ ಕೈ, ಕುತ್ತಿಗೆಯಲ್ಲೆಲ್ಲ ಕೆಂಪು ಗಂದೆ ಎದ್ದು ನವೆ ಹತ್ತಿತು.

ಮಾಕಳಿಯ ಮನೆಯಲ್ಲಿ ಇದ್ದದ್ದು ತಾಯಿ, ಮಗಳು ನಾವಿಬ್ಬರೇ. ನನ್ನ ಬಟ್ಟೆಯನ್ನು ತನ್ನ ಸೀರೆಯ ಜೊತೆಗೇ ಒಗೆಯುತ್ತಿದ್ದ ಅಮ್ಮನೂ ಕೆರೆದುಕೊಳ್ಳತೊಡಗಿದಳು. ಅದರಲ್ಲಿ ವಿಚಿತ್ರವೇನಿರಲಿಲ್ಲ. ಬಟ್ಟೆ ಬೇರೆ ಬೇರೆ ಒಗೆದೆವು. ಮಾಲೀಕರನ್ನು ಕೇಳಿಕೊಂಡು ನಾನು ಪ್ಯಾಕಿಂಗಿಗೆ ಹೋದೆ. ಗಂದೆಗಳು ಇಳಿದವು, ಚರ್ಮ ಮೊದಲಿನಂತಾಯಿತು. ನವೆ ಮಾತ್ರ ಹೋಗಲಿಲ್ಲ, ಇಬ್ಬರಿಗೂ.

ಒಂದು ಭಾನುವಾರ ಮಧ್ಯಾಹ್ನ ಹಿತ್ತಿಲಲ್ಲಿ ಕೂತು ಕುತ್ತಿಗೆ ಕೆರೆದುಕೊಳ್ಳುತ್ತಿದ್ದೆ. ತೆರೆದ ಬಾಗಿಲೊಳಗೆ ಅಮ್ಮ ನನಗೆ ಬೆನ್ನು ಹಾಕಿ ರಾಗಿ ಕೇರುತ್ತಿದ್ದಳು. ನೋಡನೋಡುತ್ತ ಮೊರ ಕೆಳಗಿಟ್ಟು, ಕುತ್ತಿಗೆಯ ಅದೇ ಮಗ್ಗುಲಿಗೆ ಕೈ ಹಾಕಿದಳು. ನಾನು ಬೇಕೆಂದೇ ಎಡ ಮೊಣಕೈಗೆ ಉಗುರು ಹಚ್ಚಿದೆ. ಅಮ್ಮನ ಕೈ ಕುತ್ತಿಗೆಯಿಂದ ಜಾರಿ ಎಡ ಮೊಣಕೈಗೆ ಬಂತು. ಅವಳು ಒಮ್ಮೆಯೂ ಹಿಂದೆ ತಿರುಗಿರಲಿಲ್ಲ.

ಯಶವಂತಪುರದ ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ಭೂತಗನ್ನಡಿ ಹಿಡಿದು ಇಬ್ಬರ ಕೈಯನ್ನೂ ನೋಡಿದರು.

"ಚರ್ಮದಲ್ಲಿ ಈಗ ಏನೂ ಇಲ್ಲಮ್ಮ. ಶುರುವಾಗಿದ್ದು ಗಾಜಿನಿಂದಾನೇ. ಕೆರೆದೂ ಕೆರೆದೂ ನರಗಳಿಗೆ ಅದೇ ಅಭ್ಯಾಸ ಆಗ್ಬಿಟ್ಟಿದೆ. ಈಗ ಬರುತ್ತೆ, ಈಗ ಬರುತ್ತೆ ಅಂತ ಮನಸ್ಸು ಕಾಯ್ತಾ ಕೂತಿರುತ್ತೆ. ಬಂದೇ ಬರುತ್ತೆ."

"ಅಮ್ಮಂಗೆ ಯಾಕೆ ಸಾರ್?"

"ಆಕಳಿಕೆ ಒಬ್ರಿಂದ ಒಬ್ರಿಗೆ ಬರಲ್ವಾ? ಹಂಗೇನೆ. ನೋಡಿದ್ರೆ ಬರುತ್ತೆ, ಸದ್ದು ಕೇಳಿದ್ರೂ ಬರುತ್ತೆ."

"ನಾನು ಎಲ್ಲಿ ಕೆರ್ಕೊಂಡೆ ಅಂತ ಬರೀ ಸದ್ದಿನಿಂದ ಹೆಂಗೆ ಗೊತ್ತಾಗುತ್ತೆ?"

"ನೀನು ಎಲ್ಲೆಲ್ಲಿ ಕೆರಿತೀಯ ಅಂತ ಹೆತ್ತೋರಿಗೆ ರೂಢಿಯಾಗಿರುತ್ತೆ ಬಿಡು" ಎನ್ನುತ್ತಿದ್ದಂತೆ ಡಾಕ್ಟರದೇ ಕೈ ಕಿವಿಯ ಹಿಂದಕ್ಕೆ ಹೋಗಿ ಪರಪರ ಕೆರೆಯಿತು. ಅದು ಅವರ ಗಮನಕ್ಕೇ ಬರಲಿಲ್ಲ. ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು.

ಸ್ವಲ್ಪ ಕಾಲ ಬೇರೆ ಬೇರೆ ಇರಿ, ನವೆ ಬಂದಾಗ ಕೆರೆಯದೆ ಒದ್ದೆ ಬಟ್ಟೆ ಒತ್ತಿ ಹಿಡಿಯಿರಿ ಎಂದು ಹೇಳಿ ಕಳಿಸಿದರು. ಅಮ್ಮ ಜಿಗಣಿಯ ಸೋದರಮಾವನ ಮನೆಗೆ ಹೊರಟಳು.

"ನಿನ್ನ ಕಂಡ್ರೆ ನಂಗೆ, ನನ್ನ ಕಂಡ್ರೆ ನಿಂಗೆ. ಎಂಥ ಕರ್ಮನಮ್ಮಿ ಇದು" ಎಂದು ಬಸ್ಸು ಹತ್ತುವಾಗ ಕಣ್ಣು ಒರೆಸಿಕೊಂಡಳು. ಅಲ್ಲಿಗೆ ಹೋದ ಕೆಲವೇ ದಿನಗಳಲ್ಲಿ ಅವಳ ನವೆ ನಿಂತಿತೆಂದು ಮಾವ ಬಂದಾಗ ಹೇಳಿದರು.

ನನಗೆ ನಿಲ್ಲಲಿಲ್ಲ. ಒಂದು ರಜೆಯ ದಿನ ಹಗಲಲ್ಲೇ, ಒಬ್ಬಳೇ ಅಕ್ಕಿ ಆರಿಸುತ್ತಿದ್ದಾಗ ಒಳಮನೆಯಲ್ಲಿ ಪರಪರ ಸದ್ದು ಕೇಳಿಸಿತು. ಇಲಿ ಇರಬೇಕೆಂದು ಎದ್ದು ಹೋದೆ. ಮೂಟೆಗಳ ಹಿಂದೆ ನೋಡಿದೆ, ಅಟ್ಟ ನೋಡಿದೆ. ಸದ್ದು ಅಡುಗೆಮನೆಗೂ ಬಂತು, ಪಡಸಾಲೆಗೂ ಬಂತು. "ಅಮ್ಮ?" ಎಂದು ಕೂಗಿಯೇಬಿಟ್ಟೆ. ಗೋಡೆಯ ಕನ್ನಡಿಯ ಮುಂದೆ ಬಂದಾಗ ಕಂಡಿತು: ನನ್ನ ಬಲಗೈ ನನ್ನದೇ ಕುತ್ತಿಗೆಯನ್ನು ಕೆರೆಯುತ್ತಿತ್ತು. ಉಗುರಲ್ಲಿ ರಕ್ತ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಆ ಕೈ ಬೇರೆ ಯಾರದೋ ಅನ್ನಿಸಿ, ಕೆಳಗಿಳಿಸಲು ಎಡಗೈಯಿಂದ ಅದನ್ನು ಹಿಡಿಯಬೇಕಾಯಿತು.

ಅವತ್ತಿನಿಂದ ಮನೆಗೆ ಬಂದ ಕೂಡಲೇ ಬೆರಳುಗಳಿಗೆ ಹಳೇ ಸೀರೆಯ ಚೂರು ಸುತ್ತಿಕೊಳ್ಳುತ್ತಿದ್ದೆ. ನವೆ ಎದ್ದರೆ ಒದ್ದೆ ಬಟ್ಟೆ ಒತ್ತಿ, ಹಲ್ಲು ಕಚ್ಚಿ ಕೂರುತ್ತಿದ್ದೆ. ತಿಂಗಳುಗಳೇ ಹಿಡಿದವು. ಕೈ ಅರ್ಧಕ್ಕೆ ಎದ್ದು ನಿಲ್ಲುತ್ತಿತ್ತು; ಆಮೇಲೆ ಏಳುವುದನ್ನೇ ಬಿಟ್ಟಿತು.

ಸಂಕ್ರಾಂತಿಗೆ ಅಮ್ಮ ಹಿಂತಿರುಗಿದಳು. "ಹೋಯ್ತೇನಮ್ಮಿ?" ಎಂದಳು, ಏನೆಂದು ಹೆಸರೆತ್ತದೆ. ಹೋಯಿತೆಂದೆ. ಎದುರು ಬದುರು ಕೂತು ಅವರೆಕಾಯಿ ಬಿಡಿಸಿದೆವು. ಬಹಳ ಹೊತ್ತು ಇಬ್ಬರೂ ಒಬ್ಬರ ಕೈಯನ್ನು ಒಬ್ಬರು ನೋಡಲಿಲ್ಲ.