ಗಾಳಿ ನೋಡಿ ಊರು ಆರಿಸಿದ ಮಾಸ್ಟರ್

ಮಾಸ್ಟರ್ ಅವರ ಕೆಳದುಟಿಯ ನಡುವೆ ಒಂದು ಸಣ್ಣ ಗೀರು ಇತ್ತು. ಬಿದ್ದು ಆದ ಗಾಯವಲ್ಲ. ಮಗ್ಗಕ್ಕೆ ಕೂರುವ ಮುಂಚೆ ಒಂದು ರೇಷ್ಮೆ ಎಳೆಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು, ತುಟಿಯ ಮೇಲೆ ಅಡ್ಡಕ್ಕೆ ಎಳೆದು ನೋಡುವುದು ಅವರ ಅಭ್ಯಾಸ. ಐವತ್ತು ವರ್ಷ ಹಾಗೆ ಎಳೆದೂ ಎಳೆದೂ ಬಿದ್ದ ಗುರುತು ಅದು. ಎಳೆ ತುಟಿಗೆ ತಣ್ಣಗೆ ಹತ್ತಿದರೆ ಗಾಳಿಯಲ್ಲಿ ತೇವ ಇದೆ, ನೇಯಬಹುದು. ಸರಕ್ಕನೆ ಜಾರಿದರೆ ಇಲ್ಲ. "ಇವತ್ತು ಕಾತು ಸರಿಯಿಲ್ಲೆ" ಎನ್ನುತ್ತಾ ಎದ್ದು, ಕೊಡದ ನೀರು ತಂದು, ಕಾಲಿಳಿಸಿ ಕೂರುವ ಮಗ್ಗದ ಗುಂಡಿಯ ಸುತ್ತ ಚಿಮುಕಿಸುತ್ತಿದ್ದರು. ಅವರ ಬಾಯಲ್ಲಿ ಗಾಳಿ ಯಾವಾಗಲೂ ಕಾತು.

ನಾನು ದಾವಣಗೆರೆಯವಳು. ಕೊಯಮತ್ತೂರಿನ ಪಕ್ಕದ ತುಡಿಯಲೂರಿನಲ್ಲಿ ಪರದೆ, ಹೊದಿಕೆಗಳನ್ನು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯ ಡಿಸೈನ್ ವಿಭಾಗಕ್ಕೆ ಸೇರಿದಾಗ ಕಂಪ್ಯೂಟರಿನಲ್ಲಿ ಹೂಬಳ್ಳಿ ಬಿಡಿಸುವುದು ಬಿಟ್ಟರೆ ಮಗ್ಗದ ಮುಖ ಕಂಡವಳಲ್ಲ. ಮೊದಲು ನೇಯುವುದನ್ನು ನೋಡಿಕೊಂಡು ಬಾ ಎಂದು ನನ್ನನ್ನು ಹತ್ತಿರದ ನೇಕಾರರ ಊರು ಸಿರುಮುಗೈಗೆ ಅಟ್ಟಿದರು. ಅಲ್ಲಿ ಸೀರೆಗಳಿಗೆ ನಕ್ಷೆ ಬರೆಯುವ ಇವರನ್ನು ಊರೆಲ್ಲ ಮಾಸ್ಟರ್ ಎಂದೇ ಕರೆಯುತ್ತಿತ್ತು. ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದೊಂದೇ ಚೌಕ ತುಂಬಿ ಹೂ ಬರೆಯುವುದು, ಆಮೇಲೆ ಆ ಚೌಕಗಳ ಲೆಕ್ಕದಲ್ಲಿ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಸುವುದು ಅವರ ಕೆಲಸ. ಆ ಪಟ್ಟಿಗಳಿಗೆ ಅಟ್ಟೆ ಎನ್ನುತ್ತಾರೆ. ಅಟ್ಟೆಗಳನ್ನು ಸಾಲಾಗಿ ಹೊಲಿದು ಮಗ್ಗದ ಮೇಲೆ ಏರಿಸಿದರೆ, ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಆ ತೂತುಗಳೇ ಹೇಳುತ್ತವೆ.

ನಾನು ಹೆಮ್ಮೆಯಿಂದ ಒಯ್ದ ಹೂಬಳ್ಳಿಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. "ಅಮ್ಮಿಣಿ, ಹೂವು ನಲ್ಲಾ ಇದೆ. ಹಿಂದುಗಡೆ ಯಾರು ನೋಡ್ಕೋತಾರೆ?" ಎಂದರು. ಆ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವುದು ಅಮ್ಮಿಣಿ ಎಂದೇ. ನನಗೆ ಪ್ರಶ್ನೆ ತಿಳಿಯಲಿಲ್ಲ. ಅವರು ಒಳಗಿದ್ದ ಹೆಂಡತಿಯನ್ನು ಕರೆದರು. ಅವರನ್ನು ನಾನು ಅತ್ತೆ ಎನ್ನುತ್ತಿದ್ದೆ. ಅತ್ತೆ ಬಂದು, ಮಗ್ಗದ ಮೇಲಿದ್ದ ಒಂದು ಬಟ್ಟೆಯ ಹಿಂಬದಿಯ ಮೇಲೆ ಬಳೆ ತೊಟ್ಟ ಕೈಯನ್ನು ಉದ್ದಕ್ಕೂ ಆಡಿಸಿದರು. ಬಳೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ನಿಂದು ಹಿಂಗೇ ನೆಯ್ದ್ರೆ ನೂಲು ಹಿಂದೆ ಉದ್ದುದ್ದ ತೂಗಾಡುತ್ತೆ. ಉಟ್ಕೊಂಡೋಳ ಬಳೆ ಸಿಕ್ಕಿ ಸೇಲೆ ಹರಿಯುತ್ತೆ," ಎಂದರು ಮಾಸ್ಟರ್. ಅವತ್ತಿನಿಂದ ಇವತ್ತಿನವರೆಗೆ ನಾನು ಯಾವ ಡಿಸೈನ್ ಮಾಡಿದರೂ ಮೊದಲು ನೆನಪಿಗೆ ಬರುವುದು ಅತ್ತೆಯ ಬಳೆ. ಕಾಲೇಜಿನಲ್ಲಿ ನಾಲ್ಕು ವರ್ಷ ಓದಿಯೂ ಬಾರದ ಬುದ್ಧಿ ಅರ್ಧ ಗಂಟೆಯಲ್ಲಿ ಬಂತು.

ಅವರ ಮನೆಮಾತು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಬಂದು ಭವಾನಿ ಹೊಳೆಯ ದಂಡೆಯಲ್ಲಿ ಮಗ್ಗ ಹೂಡಿದ ನೇಕಾರರು. ಆದರೆ ಕನ್ನಡ ಅಕ್ಷರ ಒಂದೂ ಬಾರದು. ಓದು, ಬರಹ, ವ್ಯವಹಾರ ಎಲ್ಲ ತಮಿಳಿನಲ್ಲೇ. ನಾನು ದಾವಣಗೆರೆಯ ಕನ್ನಡ ಆಡಿದರೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ರೇಡಿಯೋ ಮಾತಾಡಿದಂಗೆ ಇದೆಯಂತೆ.

ನಲವತ್ತು ವರ್ಷ ಮಾಸ್ಟರ್ ಬರೆದ ನಕ್ಷೆಗಳು ಎಷ್ಟೋ ಮದುವೆಗಳಲ್ಲಿ ಓಡಾಡಿವೆ. ಒಂದರಲ್ಲೂ ಅವರ ಹೆಸರಿಲ್ಲ. ಅಂಗಡಿಯ ಹೆಸರಿರುತ್ತದೆ, ಊರಿನ ಹೆಸರಿರುತ್ತದೆ. ಇದನ್ನು ಅವರು ಯಾರ ಮುಂದೂ ದೂರಿದ್ದಿಲ್ಲ. ಒಮ್ಮೆ ಮಾತ್ರ, ಟೀ ಕುಡಿಯುತ್ತಾ, ಹಳೆಯ ನಕ್ಷೆಗಳ ಸುರುಳಿಗಳನ್ನು ತೋರಿಸಿ, "ಇದ್ರಲ್ಲಿ ಒಂದಾದ್ರೂ ನಂದು ಅಂತ ಯಾರಿಗಾದ್ರೂ ಗೊತ್ತಾ ಅಮ್ಮಿಣಿ?" ಎಂದು ಕೇಳಿದ್ದರು. ಕೇಳಿದವರೇ ಮಾತು ಬದಲಿಸಿದರು.

ಹೀಗಿರುವಾಗ ನಮ್ಮ ಕಂಪನಿಗೆ ಅಮೆರಿಕದಿಂದ ಒಬ್ಬ ಹೆಂಗಸು ಬಂದಳು. ಗೋಡೆಗೆ ತೂಗುಹಾಕುವ ದೊಡ್ಡ ರೇಷ್ಮೆ ಬಟ್ಟೆಗಳನ್ನು ಮಾಡಿಸುವ ಡಿಸೈನ್ ಸಂಸ್ಥೆ ಅವಳದು. ನಾನೇ ಸಿರುಮುಗೈಗೆ ಕರೆದುಕೊಂಡು ಹೋದೆ. ಆ ಸುರುಳಿಗಳನ್ನು ಬಿಚ್ಚಿ ನೋಡುತ್ತಾ ಅವಳು ಮಧ್ಯಾಹ್ನದ ಊಟವನ್ನೇ ಮರೆತಳು. ತಿಂಗಳೊಳಗೆ ಪತ್ರ ಬಂತು. ಒಂದು ವರ್ಷ ಅಮೆರಿಕಕ್ಕೆ ಬಂದು ಡಿಸೈನ್ ಕೆಲಸ ಮಾಡಬೇಕು, ತಮ್ಮದೇ ನಕ್ಷೆಯ ಹನ್ನೆರಡು ಮೊಳದ ಒಂದು ಬಟ್ಟೆಯನ್ನು ತಾವೇ ನೇಯಬೇಕು, ಅದರಲ್ಲಿ ಅವರ ಹೆಸರು ಇರಬೇಕು. ಸಂಸ್ಥೆಗೆ ಮೂರು ಊರುಗಳಲ್ಲಿ ಕಾರ್ಯಾಗಾರವಿದೆ: ಫೀನಿಕ್ಸ್, ಹ್ಯೂಸ್ಟನ್, ಶಿಕಾಗೊ. ಯಾವುದು ಬೇಕೋ ಅವರೇ ಆರಿಸಿ ಹತ್ತು ದಿನದಲ್ಲಿ ತಿಳಿಸಬೇಕು.

ಪತ್ರ ಓದಿ ಹೇಳಿದವಳು ನಾನು. ಹೆಸರಿನ ಮಾತು ಬಂದಾಗ ಅವರು ಇನ್ನೊಂದು ಸಲ ಓದಿಸಿದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು. "ಅಲ್ಲೆಲ್ಲಾ ಕಾತು ಎಂಗೆ?"

ಅಮೆರಿಕದಲ್ಲಿ ಊರು ಆರಿಸುವವರು ಏನೇನೋ ನೋಡುತ್ತಾರೆ. ಬಾಡಿಗೆ, ರೈಲು, ಯಾರು ಪರಿಚಯದವರಿದ್ದಾರೆ ಎಂದು. ಮಾಸ್ಟರಿಗೆ ಬೇಕಿದ್ದದ್ದು ರೇಷ್ಮೆಗೆ ಒಗ್ಗುವ ಗಾಳಿ. ಒಣಗಾಳಿಯಲ್ಲಿ ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ, ಎಳೆಗಳು ತುಂಡಾಗುತ್ತವೆ. ಒಂದು ಎಳೆ ತುಂಡಾದರೆ ಮಗ್ಗ ನಿಲ್ಲಿಸಿ, ಹುಡುಕಿ, ಗಂಟು ಹಾಕಬೇಕು. ಫೀನಿಕ್ಸ್ ಮರುಭೂಮಿ ಎಂದೆ, ಅದನ್ನು ಅಲ್ಲೇ ಬಿಟ್ಟರು. ಹ್ಯೂಸ್ಟನ್ ಸಮುದ್ರಕ್ಕೆ ಹತ್ತಿರ, ಸೆಖೆ, ಬೆವರು ಎಂದೆ. ಅವರ ಮುಖ ಅರಳಿತು. "ನಮ್ಮೂರು ಮಾದಿರೀನೇ ಇದೆ. ಅದೇ ಇರ್ಲಿ," ಎಂದರು.

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಶಿಕಾಗೊದಲ್ಲಿ ನನ್ನ ಕಾಲೇಜಿನ ಗೆಳತಿಯಿದ್ದಾಳೆ, ಕನ್ನಡ ಮಾತಾಡುತ್ತಾಳೆ, ವಾರಕ್ಕೊಮ್ಮೆ ಬಂದು ನೋಡುತ್ತಾಳೆ ಎಂದೆ. ಸಮುದ್ರದಂಥ ಕೆರೆಯ ದಂಡೆಯಲ್ಲೇ ಊರು ಎಂದೆ. ಮೊಬೈಲ್ ತೆಗೆದು ಇಲ್ಲಿನದೂ ಅಲ್ಲಿನದೂ ತೇವಾಂಶ ನೋಡಿದೆ. ಆ ದಿನ ಶಿಕಾಗೊದ್ದು ಸಿರುಮುಗೈಗಿಂತ ಹೆಚ್ಚಿತ್ತು. ಅದನ್ನು ಅವರ ಕಣ್ಣ ಮುಂದೆ ಹಿಡಿದೆ. ನಿಜ ಹೇಳಬೇಕೆಂದರೆ ಶಿಕಾಗೊಗೆ ಹೋಗಬೇಕೆಂಬ ಆಸೆ ಇದ್ದದ್ದು ನನಗೆ. ನನಗಂತೂ ಯಾರೂ ಪತ್ರ ಬರೆದಿರಲಿಲ್ಲ.

"ನಮಗೇನುಂಗ ತಿಳಿಯುತ್ತೆ, ಓದಿದ ಮಗು ಹೇಳ್ತಾ ಇದೆ," ಎಂದರು ಅತ್ತೆ. ಮಾಸ್ಟರ್ ನನ್ನ ಮುಖವನ್ನೇ ನೋಡಿ, "ನೀರು ಪಕ್ಕ ಅಂದ್ರೆ ಸರಿ," ಎಂದರು.

ಹೊರಡುವ ಮುಂಚೆ ಒಂದು ಕೆಲಸ ಹೇಳಿದರು. ಹೆಸರು ಕನ್ನಡದಲ್ಲಿರಬೇಕು. "ನನ್ನ ಹೆಸರ ಕನ್ನಡದಲ್ಲಿ ನಾನೇ ಕಂಡಿಲ್ಲೆ ಅಮ್ಮಿಣಿ, ಬರ್ದುಕೊಡು." ನಾನು ದೊಡ್ಡದಾಗಿ ಬರೆದೆ. ಅವರು ಆ ಅಕ್ಷರಗಳನ್ನು ಹೂವಿನ ಎಸಳು ನೋಡಿದಂತೆ ನೋಡಿ, ಚೌಕುಳಿ ಹಾಳೆಗೆ ಇಳಿಸಿದರು. ನನ್ನ ಕೈಬರಹಕ್ಕಿಂತ ಚೆನ್ನಾಗಿತ್ತು. ಅಟ್ಟೆಗೆ ತೂತು ಹೊಡೆಸಿ ಬಟ್ಟೆಯ ಕೊನೆಗೆ ಬರುವಂತೆ ಕಟ್ಟಿಟ್ಟರು. ಮೊದಲಿಗೇ ಹಾಕಬಹುದಲ್ಲ ಎಂದು ಕೇಳಿದೆ. "ಕೆಲಸ ಮುಗಿದ್ಮೇಲೆ ತಾನೇ ಯಾರದು ಅಂತ ಕೇಳೋದು? ಹೆಸರು ಕಡೇಲಿ ಬರ್ಲಿ," ಎಂದರು. ನಾನೂ ಹೂಂ ಎಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹೋದರು. ಮೊದಲ ಎರಡು ತಿಂಗಳು ಸೊಗಸಾಗಿ ನಡೆಯಿತು. ಅವರ ಸಂಜೆ, ನನ್ನ ಬೆಳಿಗ್ಗೆ. ನಾನು ದೋಸೆ ಹೊಯ್ಯುತ್ತಿರುವಾಗ ವಿಡಿಯೊ ಕರೆ ಬರುತ್ತಿತ್ತು. ಎರಡು ಮೊಳ ಆಯಿತು, ಮೂರಾಯಿತು ಎಂದು ಬಟ್ಟೆ ತೋರಿಸುತ್ತಿದ್ದರು. ಕೆರೆ ನೋಡಿ ಬಂದು, "ಅಮ್ಮಿಣಿ, ನೀ ಹೇಳಿದ್ದು ನಿಜ, ಅಕ್ಕರೆ ಕಾಣಲ್ಲೆ," ಎಂದಿದ್ದರು. ಆಚೆ ದಡ ಕಾಣುವುದಿಲ್ಲ ಎಂದು ಅದರ ಅರ್ಥ. ನಾನು ಬೀಗಿದ್ದೇ ಬೀಗಿದ್ದು.

ಚಳಿ ಹಿಡಿದ ಮೇಲೆ ಕರೆಗಳು ಚಿಕ್ಕದಾದವು. ಬಟ್ಟೆ ತೋರಿಸುವುದು ನಿಂತಿತು. ಒಂದು ದಿನ ನೋಡುತ್ತೇನೆ, ತುಟಿಯ ಗೀರು ಒಡೆದು ರಕ್ತ ಕಟ್ಟಿದೆ. ಚಳಿಗೆ ಹಾಗಾಗುತ್ತದೆ ಮಾಸ್ಟರ್, ತುಪ್ಪ ಹಚ್ಚಿಕೊಳ್ಳಿ ಎಂದೆ. ಅವರು "ಸರಿ" ಎಂದರು. ಅವರಿಂದ ಏನೇನು ಕಲಿತೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಆ ತುಟಿ ಯಾತಕ್ಕಿದೆ ಎಂಬುದು ಮಾತ್ರ ಆ ದಿನ ನನಗೆ ಹೊಳೆಯಲಿಲ್ಲ. ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ನನ್ನ ಗೆಳತಿ ಹೋಗಿ ನೋಡಿ ಹೇಳಿದಾಗಲೇ ವಿಷಯ ತಿಳಿದದ್ದು. ಕಾರ್ಯಾಗಾರ ನಾಲ್ಕನೇ ಮಹಡಿಯಲ್ಲಿದೆ. ಹೊರಗೆ ಹಿಮ, ಕೆರೆ, ಬೇಕಾದಷ್ಟು ತೇವ. ಒಳಗೆ ಹಗಲೂ ರಾತ್ರಿ ಬಿಸಿ ಮಾಡುವ ಕೊಳವೆಗಳು. ಆ ಬಿಸಿಗೆ ಒಳಗಿನ ಗಾಳಿ ಹಪ್ಪಳದಂತೆ ಒಣಗಿರುತ್ತದೆ. ಮಗ್ಗದ ಕೆಳಗೆ ಒದ್ದೆ ಮಣ್ಣಿನ ಗುಂಡಿಯಿಲ್ಲ, ಮರದ ಹಲಗೆ. ಅಲ್ಲಿನವರು ನೇಯುವುದು ಉಣ್ಣೆ ಮತ್ತು ಹತ್ತಿ, ಅವಕ್ಕೆ ಏನೂ ಆಗುತ್ತಿರಲಿಲ್ಲ. ಮಾಸ್ಟರ್ ತಮ್ಮ ಪಂಚೆಗಳನ್ನೆಲ್ಲ ಒದ್ದೆ ಮಾಡಿ ಮಗ್ಗದ ಸುತ್ತ ಕಟ್ಟಿದ್ದರಂತೆ. ಹಲಗೆ ಹಾಳಾಗುತ್ತದೆ ಎಂದು ಯಾರೋ ನಯವಾಗಿ ಬಿಚ್ಚಿಸಿದರಂತೆ. ಇವರಿಗೆ ವಿವರಿಸಲು ಭಾಷೆಯಿಲ್ಲ.

ಕರೆ ಮಾಡಿ ಕೇಳಿದೆ, ಯಾಕೆ ಹೇಳಲಿಲ್ಲ ಎಂದು. "ನೀನು ಅಷ್ಟು ಖುಷಿಯಾಗಿ ಇದ್ದೆ," ಎಂದರು. ಆಮೇಲೆ ಫೋನನ್ನು ಮಗ್ಗದ ಮೇಲಿಟ್ಟು ನೇಯತೊಡಗಿದರು. ಎರಡು ಸಲ ಲಾಳಿ ಓಡಿದ ಸದ್ದು, ಮೂರನೆಯದಕ್ಕೆ ಟಪ್. ಮಗ್ಗ ನಿಂತಿತು. ಗಂಟು ಹಾಕಿದರು. ಮತ್ತೆ ಎರಡು ಸಲ, ಮತ್ತೆ ಟಪ್. ನಾನು ಇಲ್ಲಿ ಒಲೆಯ ಮುಂದೆ ನಿಂತು ಕೇಳಿಸಿಕೊಂಡೆ.

ಅವತ್ತೇ ಆ ಅಮೆರಿಕದ ಹೆಂಗಸಿಗೆ ಬರೆದೆ. ಕೆಟ್ಟವಳಲ್ಲ, ನೊಂದುಕೊಂಡು ಉತ್ತರಿಸಿದಳು, ಮಂಜು ಉಗುಳುವ ಒಂದು ಯಂತ್ರ ತರಿಸಿಕೊಟ್ಟಳು. ಅದರ ತೇವಕ್ಕೆ ಎಳೆ ಸ್ವಲ್ಪ ಸುಧಾರಿಸಿತು, ಅಟ್ಟೆಗಳು ಉಬ್ಬಿಕೊಂಡವು. ಉಬ್ಬಿದ ಅಟ್ಟೆಯಲ್ಲಿ ತೂತು ಸರಿಯಾಗಿ ಕೂರುವುದಿಲ್ಲ, ಏಳಬಾರದ ಎಳೆ ಏಳುತ್ತದೆ. ಯಂತ್ರ ದೂರ ಇಟ್ಟರೆ ಮತ್ತೆ ಟಪ್. ಹಾಗಾದರೆ ಹ್ಯೂಸ್ಟನ್ನಿಗೆ ಕಳಿಸಿಬಿಡಿ ಎಂದು ಬೇಡಿಕೊಂಡೆ. ವೀಸಾ ಕಾಗದಗಳಲ್ಲಿ ಊರಿನ ಹೆಸರು ಬರೆದಾಗಿದೆ, ಬದಲಿಸಲು ಹೊಸದಾಗಿ ಅರ್ಜಿ ಹಾಕಬೇಕು, ಅದು ಮುಗಿಯುವ ಹೊತ್ತಿಗೆ ಇವರ ವರ್ಷವೇ ಮುಗಿದಿರುತ್ತದೆ ಎಂದಳು. ಆ ಊರಿನ ಹೆಸರನ್ನು ಅರ್ಜಿಯಲ್ಲಿ ತುಂಬಿದವಳು ನಾನೇ. ಮುತ್ತಿನಂಥ ಅಕ್ಷರದಲ್ಲಿ ತುಂಬಿದ್ದೆ.

ಚಳಿ ಕಳೆದು ನೂಲು ತುಂಡಾಗುವುದು ನಿಲ್ಲುವಷ್ಟರಲ್ಲಿ ಹಾಸಿನ ತುಂಬ ಗಂಟು. ಅವರ ಬೆರಳುಗಳೂ ಸೋತಿದ್ದವು. ವರ್ಷದ ಕೊನೆಗೆ ಎಂಟು ಮೊಳದ ಹತ್ತಿರ ಬಟ್ಟೆಯನ್ನು ಕತ್ತರಿಸಿ ಇಳಿಸಿದರು. ಹೆಸರು ಹನ್ನೆರಡನೆಯ ಮೊಳದಲ್ಲಿತ್ತು.

ಕೊಯಮತ್ತೂರಿಗೆ ಬಂದಿಳಿದ ದಿನ ನಾನು ಅವರ ಮುಖ ನೋಡಲಾರದೆ ಪೆಟ್ಟಿಗೆ ಎಳೆಯುತ್ತಾ ಮುಂದೆ ನಡೆದೆ. ಮೇಟ್ಟುಪಾಳಯಂ ರಸ್ತೆಯಲ್ಲಿ ಕಾರಿನೊಳಗೆ ತಡೆಯಲಾಗದೆ, "ಮಾಸ್ಟರ್, ಇದೆಲ್ಲ ನನ್ನಿಂದ ಆಯ್ತು," ಎಂದೆ. ಅವರು ಕಿಟಕಿಯ ಗಾಜು ಇಳಿಸಿದರು.

"ನೀ ಹೊರಗಿನ ಕಾತು ಹೇಳ್ದೆ. ಸರಿಯಾಗೇ ಹೇಳ್ದೆ. ಒಳಗಿನ ಕಾತು ಎಂಗೆ ಅಂತ ನಾನು ಕೇಳ್ಲಿಲ್ಲೆ. ಮನೆ ಒಳಗೊಂದು ಕಾತು, ಹೊರಗೊಂದು ಕಾತು ಇರೋ ಊರ ನಾನು ಕಂಡಿದ್ನಾ, ನೀ ಕಂಡಿದ್ಯಾ?"

ಉಳಿದ ನಾಲ್ಕು ಮೊಳವನ್ನು ಇಲ್ಲೇ ನೇಯೋಣ, ಹೆಸರನ್ನಾದರೂ ಹಾಕೋಣ ಎಂದು ನಾನು ಎಷ್ಟೋ ಸಲ ಕೇಳಿದೆ. ಮುಗಿಯದ ಕೆಲಸಕ್ಕೆ ಹೆಸರು ಯಾತಕ್ಕೆ ಎಂದು ನಕ್ಕುಬಿಟ್ಟರು. ಅಮೆರಿಕದವಳು ಎಂಟು ಮೊಳವನ್ನೇ ಗೋಡೆಗೆ ಹಾಕಿ ಚಿತ್ರ ಕಳಿಸಿದಳು, ಪಕ್ಕದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಹೆಸರಿತ್ತು. ಅವರು ನೋಡಿ, "ಒಳ್ಳೆ ಚೀಟಿ," ಎಂದು ಫೋನನ್ನು ನನಗೇ ಕೊಟ್ಟರು.

ಮುಂದಿನ ಬೇಸಿಗೆಗೆ ಮಾಸ್ಟರ್ ಹೋಗಿಬಿಟ್ಟರು. ಬೆಳಿಗ್ಗೆ ಮಗ್ಗದ ಸುತ್ತ ನೀರು ಚಿಮುಕಿಸಿ ಬಂದು ಕೂತವರು ಮತ್ತೆ ಏಳಲಿಲ್ಲ. ನಾನು ತಲುಪಿದಾಗ ಗುಂಡಿಯ ಸುತ್ತಿನ ನೆಲ ಇನ್ನೂ ಒದ್ದೆಯಿತ್ತು.

ಹದಿಮೂರನೆಯ ದಿನ ಅತ್ತೆ ಅಟ್ಟೆಗಳ ಒಂದು ಕಟ್ಟನ್ನು ನನ್ನ ಮಡಿಲಿಗೆ ಹಾಕಿದರು. "ನಮಗೆ ಓದಕ್ಕೆ ಬರಲ್ಲೆ. ನೀ ಇಟ್ಕೋ," ಎಂದರು. ಈಗ ಅದು ನನ್ನ ಮೇಜಿನ ಮೇಲಿದೆ. ಕಿಟಕಿಗೆ ಹಿಡಿದರೆ ತೂತುಗಳಿಂದ ಬೆಳಕು ಬರುತ್ತದೆ, ಆದರೆ ಅದು ಅವರ ಹೆಸರು ಎಂದು ಯಾರೂ ಓದಲಾರರು. ನೇಯ್ದರೆ ಮಾತ್ರ ಕಾಣುವ ಹೆಸರು. ಇಲ್ಲಿ ನಾನೂ ಅದನ್ನು ಬರೆಯಲಿಲ್ಲ, ಕೆಲಸ ಮುಗಿದ ಮೇಲೆ ಕಡೆಯಲ್ಲಿ ಬರಲಿ ಎಂದಿದ್ದರು ಅವರು, ಕೆಲಸ ಮುಗಿಯಲೇ ಇಲ್ಲ. ಮೊದಲಿಗೇ ಹಾಕಿ ಎಂದು ಅವತ್ತು ಹಟ ಹಿಡಿಯಬೇಕಿತ್ತು ನಾನು. ಹಟ ಹಿಡಿದದ್ದು ಶಿಕಾಗೊಗೆ.